ಪರದೆಯ ಮೇಲಿನ ಮುಖ, ಪರದೆಯ ಹಿಂದಿನ ಬೆಳಕು

ಸಿನಿಮಾ ಮುಗಿಯುವುದು ಯಾವಾಗ? ಖಳನಾಯಕ ನೆಲಕ್ಕುರುಳಿದಾಗ ಎಂಬುದು ನಮ್ಮ ಪ್ರೇಕ್ಷಕರ ತೀರ್ಮಾನ. ಅಷ್ಟು ಹೊತ್ತಿಗಾಗಲೇ ಅರ್ಧ ಟಾಕೀಸು ಎದ್ದು ನಿಂತಿರುತ್ತದೆ. ಚಪ್ಪಲಿ ಹುಡುಕುವವರು, ನಿದ್ದೆಹೋದ ಮಗುವನ್ನು ಹೆಗಲಿಗೆ ಹಾಕಿಕೊಳ್ಳುವವರು, ಕೊನೆಯ ಬಸ್ಸು ತಪ್ಪೀತೆಂದು ಬಾಗಿಲಿಗೆ ನುಗ್ಗುವವರು. ಆ ಗಡಿಬಿಡಿಯಲ್ಲಿ ಪರದೆಯ ಮೇಲೆ ಒಂದಷ್ಟು ಹೆಸರುಗಳು ಕೆಳಗಿನಿಂದ ಮೇಲಕ್ಕೆ ಸರಿದು ಹೋಗುತ್ತವೆ. ಯಾರೂ ಓದುವುದಿಲ್ಲ. ಹಳೆಯ ಚಿತ್ರಗಳಲ್ಲಿ ಈ ಪಟ್ಟಿ ಆರಂಭದಲ್ಲೇ ಬರುತ್ತಿತ್ತು. ಆಗಲೂ ಯಾರೂ ಓದುತ್ತಿರಲಿಲ್ಲ. ಕತ್ತಲಲ್ಲಿ ಜಾಗ ಹುಡುಕುತ್ತಿರುತ್ತಿದ್ದರು!

ಹೀಗೆ ಓದದೇ ಬಿಟ್ಟ ಹೆಸರುಗಳಲ್ಲಿ ಕೆಲವು ನಮ್ಮ ಸುತ್ತಮುತ್ತಲಿನವು. ಹಿಂದಿ ಚಿತ್ರರಂಗದ ಅತ್ಯಂತ ನೆನಪಿನ ಮುಖಗಳಿಗೆ ಬೆಳಕು ಹಿಡಿದವರಲ್ಲಿ ಒಬ್ಬರು ಮೈಸೂರಿನವರು. ಅವರು ಆ ವಿದ್ಯೆ ಕಲಿತದ್ದು ಬೆಂಗಳೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ. ಈ ಸಂಗತಿ ಮನೆಮನೆಗೂ ಗೊತ್ತಿದ್ದರೆ, ಮಕ್ಕಳು ‘ಸಿನಿಮಾ’ ಎಂದು ಬಾಯಿ ತೆಗೆದ ಕೂಡಲೇ ನಡೆಯುವ ಜಗಳ ಸ್ವಲ್ಪ ಬೇರೆ ದಾರಿ ಹಿಡಿಯುತ್ತಿತ್ತೇನೋ.

<b>ಒಂದು ಮನೆ, ಮೂರು ತಲೆಮಾರು</b>

ಮಂಡ್ಯ ಜಿಲ್ಲೆ ನಾಗಮಂಗಲ ತಾಲ್ಲೂಕಿನಲ್ಲಿ ಹೊಣಕೆರೆ ಒಂದು ಹೋಬಳಿ. ರಾಗಿ, ಹುರುಳಿ, ಒಂದಿಷ್ಟು ತೆಂಗು, ಕೊಟ್ಟಿಗೆಯಲ್ಲಿ ಎರಡು ಹಸು, ಬೆಳಿಗ್ಗೆ ಸಂಜೆ ಡೈರಿಗೆ ಹಾಲು. ಈ ಸೀಮೆಯ ಅನೇಕ ಮನೆಗಳ ಬದುಕಿನ ಲೆಕ್ಕ ಹೆಚ್ಚುಕಡಿಮೆ ಇಷ್ಟೇ. ಇಲ್ಲಿ ಸಿನಿಮಾ ಎಂದರೆ ಮೊದಲು ರಾಜ್‌ಕುಮಾರ್, ಆಮೇಲೆ ತಮ್ಮ ಜಿಲ್ಲೆಯವರೇ ಆದ ಅಂಬರೀಶ್. ಆದರೂ ಹಿಂದಿ ಸಿನಿಮಾ ಈ ಮನೆಗಳಿಗೆ ಹೇಗೋ ದಾರಿ ಮಾಡಿಕೊಂಡು ಬಂದಿದೆ. ರೇಡಿಯೋದ ವಿವಿಧಭಾರತಿ ಹಾಡುಗಳಾಗಿ ಬಂತು. ದೂರದರ್ಶನದ ಭಾನುವಾರ ಸಂಜೆಯ ಚಿತ್ರವಾಗಿ ಬಂತು. ಭಾಷೆ ಬಾರದವರಿಗೂ ಅಳುವ ಜಾಗದಲ್ಲಿ ಅಳು ಬಂತು, ನಗುವ ಜಾಗದಲ್ಲಿ ನಗು ಬಂತು.

ಕ್ಯಾಮೆರಾ ಹೊತ್ತುಕೊಂಡೂ ಅದು ಈ ಕಡೆಗೆ ಬಂದಿದೆ. ಮೈಸೂರು ರಸ್ತೆಯ ರಾಮನಗರದಲ್ಲಿ ‘ಶೋಲೆ’ ತಯಾರಾಯಿತು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ರಾಯಗೋಪುರದ ಕಂಬಗಳ ನಡುವೆ, 2007ರಲ್ಲಿ ತೆರೆಕಂಡ ಮಣಿರತ್ನಂ ಅವರ ‘ಗುರು’ ಚಿತ್ರದ ಮಳೆಯ ಹಾಡಿಗೆ ಐಶ್ವರ್ಯಾ ರೈ ಕುಣಿದರು. ವೈರಮುಡಿಗೆ ಹೋದಾಗ ಕಡಲೆಪುರಿ ತಿನ್ನುತ್ತಾ ಕೂತಿದ್ದ ಕಲ್ಲುಗಳೇ ಪರದೆಯ ಮೇಲೆ ಬೇರೊಂದು ಲೋಕದಂತೆ ಕಂಡದ್ದನ್ನು ನೋಡಿ ಈ ಭಾಗದವರು ಬೆರಗಾದರು. ಕಲ್ಲು ಅದೇ, ಗೋಪುರ ಅದೇ. ಹಾಗಾದರೆ ಬದಲಾದದ್ದು ಏನು?

ಹೊಣಕೆರೆ ಸೀಮೆಯ ಒಂದು ಮನೆಯಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡವನು ಹದಿನಾರರ ಹುಡುಗ. ಆ ಮನೆಯಲ್ಲಿ ತಾತ, ಅಪ್ಪ, ಅವ್ವ ಮತ್ತು ಅವನು. ಮೂರು ತಲೆಮಾರಿಗೂ ಹಿಂದಿ ಸಿನಿಮಾದ ನಂಟು ಉಂಟು. ಆದರೆ ಒಬ್ಬೊಬ್ಬರ ನೆನಪೂ ಬೇರೆ, ಆ ನೆನಪು ಕಲಿಸಿದ ಪಾಠವೂ ಬೇರೆ.

<b>ತಾತನ ಶೋಲೆ</b>

ತಾತನಿಗೆ ಹಿಂದಿ ಸಿನಿಮಾ ಎಂದರೆ ‘ಶೋಲೆ’ ಒಂದೇ. ಇಪ್ಪತ್ತರ ಪ್ರಾಯದಲ್ಲಿ ಮೈಸೂರಿಗೆ ಹೋಗಿ ಅದನ್ನು ನೋಡಿಬಂದ ಕಥೆಯನ್ನು ಅವರು ಇಂದಿಗೂ ಹೇಳುತ್ತಾರೆ. ಧರ್ಮೇಂದ್ರ ನೀರಿನ ಟ್ಯಾಂಕ್ ಹತ್ತಿದ್ದು, ಅಮ್ಜದ್ ಖಾನ್ ಬಂಡೆಗಳ ಮೇಲೆ ಬೆಲ್ಟು ಎಳೆಯುತ್ತಾ ನಡೆದದ್ದು, ಸಂಜೀವ್ ಕುಮಾರ್ ಶಾಲು ಜಾರಿ ಕೈಗಳಿಲ್ಲದ್ದು ಕಂಡದ್ದು ಎಲ್ಲವೂ ಬಾಯಿಪಾಠ. ಮೈಸೂರಿನಿಂದ ಬೆಂಗಳೂರಿಗೆ ಹೋಗುವಾಗ ರಾಮನಗರ ಬಂತೆಂದರೆ ಸಾಕು, ಬಸ್ಸಿನ ಕಿಟಕಿಯಿಂದ ಬಂಡೆ ತೋರಿಸುತ್ತಿದ್ದರಂತೆ.

ಆ ಚಿತ್ರದ ಚಿತ್ರೀಕರಣ ಆರಂಭವಾದದ್ದು 1973ರ ಅಕ್ಟೋಬರ್‌ನಲ್ಲಿ. ತೆರೆಕಂಡದ್ದು 1975ರ ಆಗಸ್ಟ್ 15ರಂದು. ನಿರ್ದೇಶಕ ರಮೇಶ್ ಸಿಪ್ಪಿ ರಾಮದೇವರ ಬೆಟ್ಟದ ಬುಡದಲ್ಲಿ ಒಂದು ಇಡೀ ಹಳ್ಳಿಯನ್ನೇ ಕಟ್ಟಿಸಿದರು. ಅಲ್ಲಿಗೆ ಹೆದ್ದಾರಿಯಿಂದ ರಸ್ತೆ ಮಾಡಿಸಿದರು. ಆ ಪ್ರದೇಶಕ್ಕೆ ಕೆಲಕಾಲ ಸಿಪ್ಪಿನಗರ ಎಂಬ ಹೆಸರೇ ಇತ್ತು. ಈಗ ಆ ಬೆಟ್ಟ ರಣಹದ್ದುಗಳ ಅಭಯಧಾಮ.

ತಾತ ಹೇಳದ ಒಂದು ದೃಶ್ಯ ಆ ಚಿತ್ರದಲ್ಲಿದೆ. ಮಾತೇ ಇಲ್ಲದ ದೃಶ್ಯವಾದ್ದರಿಂದ ಅವರ ನೆನಪಿನಿಂದ ಜಾರಿರಬೇಕು. ವಿಧವೆ ರಾಧಾ, ಅಂದರೆ ಜಯಾ ಭಾದುರಿ, ಮುಸ್ಸಂಜೆಯಲ್ಲಿ ಠಾಕೂರರ ಮನೆಯ ಪಡಸಾಲೆಯ ದೀಪಗಳ ಬಳಿ ಸುಳಿಯುತ್ತಾಳೆ. ಕೆಳಗೆ ಕೂತ ಅಮಿತಾಭ್ ಬಚ್ಚನ್ ಮೌತ್ ಆರ್ಗನ್ ನುಡಿಸುತ್ತಾನೆ. ಅಷ್ಟೇ. ಇಂಥ ಎರಡು ಪುಟ್ಟ ದೃಶ್ಯಗಳ ಚಿತ್ರೀಕರಣಕ್ಕೆ ಹಿಡಿದದ್ದು 20 ದಿನ!

ಯಾಕಿರಬಹುದು? ಸೂರ್ಯ ಮುಳುಗಿದ ಮೇಲೆ, ಪೂರ್ತಿ ಕತ್ತಲಾಗುವ ಮೊದಲು, ಆಕಾಶದಲ್ಲಿ ಉಳಿಯುವ ಆ ಮಂಕು ಬೆಳಕು ಕೆಲವೇ ನಿಮಿಷ ಇರುತ್ತದೆ. ಹಳ್ಳಿಯವರಿಗೆ ಅದು ದೀಪ ಹಚ್ಚುವ ಹೊತ್ತು, ದನ ಕೊಟ್ಟಿಗೆಗೆ ಬರುವ ಹೊತ್ತು. ಛಾಯಾಗ್ರಾಹಕ ದ್ವಾರಕಾ ದಿವೇಚ ಅವರಿಗೆ ಬೇಕಾದದ್ದು ಅದೇ ಬೆಳಕು. ಒಂದು ಸಂಜೆ ಮೋಡ ಕವಿದರೆ, ಇಲ್ಲವೇ ಏನಾದರೂ ಎಡವಟ್ಟಾದರೆ, ಆ ದಿನ ಮುಗಿಯಿತು. ಮತ್ತೆ ಮರುದಿನ ಸಂಜೆಗೇ ಕಾಯಬೇಕು. ಜಯಾ ಅವರ ಮುಖದ ಮೇಲಿನ ಮೌನ ದುಃಖ ಇಂದಿಗೂ ಮನಸ್ಸನ್ನು ಕಲಕುವುದರಲ್ಲಿ ಅವರ ಅಭಿನಯದ ಪಾಲು ಎಷ್ಟೋ ಈ ಕಾಯುವಿಕೆಯ ಪಾಲೂ ಅಷ್ಟೇ.

<b>ಅಪ್ಪನ ಟಿಪ್ಪು</b>

ಅಪ್ಪನ ನೆನಪು ಬೇರೆ. ಆತ ಹುಡುಗನಾಗಿದ್ದಾಗ ಪಕ್ಕದ ಮನೆಯ ಕಪ್ಪುಬಿಳುಪು ಟಿ.ವಿ. ಮುಂದೆ ನೆಲದ ಮೇಲೆ ಕೂತು ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ನೋಡಿದ್ದ. 1990ರಲ್ಲಿ ದೂರದರ್ಶನದಲ್ಲಿ ಬಂದ ಹಿಂದಿ ಧಾರಾವಾಹಿ ಅದು. ‘ದೋಸ್ತಿ’, ‘ಏಕ್ ಫೂಲ್ ದೋ ಮಾಲಿ’ ಚಿತ್ರಗಳ ನಟ ಸಂಜಯ್ ಖಾನ್ ಅದರ ನಿರ್ದೇಶಕ, ಅವರೇ ಟಿಪ್ಪು. ಶಾಲೆಯಿಂದ ಪ್ರವಾಸ ಹೋಗಿ ದರಿಯಾ ದೌಲತ್, ಗುಂಬಜ್ ನೋಡಿಬಂದ ಹುಡುಗರಿಗೆ ಶ್ರೀರಂಗಪಟ್ಟಣದ ಕಥೆ ದೇಶಕ್ಕೆಲ್ಲ ಕಾಣುತ್ತಿದೆ ಎಂಬ ಹೆಮ್ಮೆ.

ಆದರೆ ಆ ಹೆಮ್ಮೆಗೆ ಮುಂಚೆ ಒಂದು ಸುದ್ದಿ ಬಂದಿತ್ತು. 1989ರ ಫೆಬ್ರುವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಇದೇ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿತ್ತು. 62 ಜನ ಸತ್ತರು. ಸಡಿಲ ವಿದ್ಯುತ್ ತಂತಿಗಳು, ಗಾಳಿಗೆ ಕಿಂಡಿಗಳೇ ಇಲ್ಲದ ಒಳಾಂಗಣ, ಗೋಡೆಗಳಿಗೆ ಹೊದಿಸಿದ್ದ ಗೋಣಿತಾಟು, ದೊಡ್ಡ ದೀಪಗಳ ಕಾವು ಕಾರಣವೆಂದು ಹೇಳಲಾಯಿತು. ಸಂಜಯ್ ಖಾನ್ ತೀವ್ರವಾಗಿ ಸುಟ್ಟ ಗಾಯಗಳಿಂದ ಬಹುಕಾಲ ಆಸ್ಪತ್ರೆಯಲ್ಲಿದ್ದು, ಹಲವಾರು ಶಸ್ತ್ರಚಿಕಿತ್ಸೆಗಳನ್ನು ಕಂಡು, ಬದುಕಿಬಂದು ಧಾರಾವಾಹಿಯನ್ನು ಪೂರ್ತಿಗೊಳಿಸಿದರು. ಅವರ ಛಲವನ್ನು ಎಲ್ಲರೂ ಹೊಗಳಿದರು. ಹೊಗಳಬೇಕಾದದ್ದೇ. ಆದರೆ ಉಳಿದ 62 ಹೆಸರುಗಳು? ಯಾವ ಭಿತ್ತಿಪತ್ರದಲ್ಲೂ ಅವು ಅಚ್ಚಾಗಲಿಲ್ಲ.

ಮುಖಕ್ಕೆ ಮೆರುಗು ಕೊಡುವ ದೀಪವೇ ಸುಡಲೂಬಲ್ಲದು. ಅಪ್ಪನ ಮನಸ್ಸಿನಲ್ಲಿ ಉಳಿದದ್ದು ಇದು. ಸಿನಿಮಾದವರೆಂದರೆ ಹೆಸರು ಮಾಡಿದವರು ಬದುಕುತ್ತಾರೆ, ಹೆಸರಿಲ್ಲದವರು ಬೆಂದು ಹೋಗುತ್ತಾರೆ ಎಂಬ ಭಯ. ಈ ಭಯವನ್ನು ಹಳ್ಳಿಯವರ ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ.

<b>ಮಗನ ಹಠ</b>

ಇಂಥ ಅಪ್ಪನ ಮುಂದೆ ಮಗ ಒಂದು ಸಂಜೆ, ಹಾಲು ಹಾಕಿ ಬಂದು ಕಾಫಿ ಕುಡಿಯುವ ಹೊತ್ತಿನಲ್ಲಿ, ಮಾತು ತೆಗೆದ.

“ಪಿಯುಸಿ ಆದ್ಮೇಲೆ ಕ್ಯಾಮೆರಾ ಕೆಲ್ಸ ಕಲೀತೀನಿ ಕಣಪ್ಪ.”

“ಏನು, ಮದ್ವೆ ಮನೇಲಿ ಫೋಟೊ ಹೊಡಿಯಾದಾ?”

“ಅಲ್ಲ ಕಣಪ್ಪ, ಸಿನಿಮಾ ಕ್ಯಾಮೆರಾ. ಅದುಕ್ಕೂ ಕಾಲೇಜು ಐತೆ.”

“ಸಿನಿಮಾಕ್ಕೆ ಕಾಲೇಜಾ? ಸುಮ್ನಿರ್ಲಾ. ಇರೋ ಎರಡು ಎಕ್ರೆ ಮಾರಿ ನಿನ್ನ ಬಾಂಬೆಗೆ ಕಳಿಸ್ಬೇಕಾ?”

“ಅವ್ನು ಏನಂತಾನೆ ಅಂತ ಒಸಿ ಪೂರ್ತಿ ಕೇಳಿ” ಎಂದರು ಅವ್ವ, ಒಲೆಯ ಮುಂದಿನಿಂದಲೇ.

ಇಂಥ ಮಾತುಕತೆ ಒಂದೇ ಸಂಜೆಗೆ ಮುಗಿಯುವುದಿಲ್ಲವೆಂಬುದು ಮಕ್ಕಳಿರುವವರಿಗೆಲ್ಲ ಗೊತ್ತು. ಇಲ್ಲೂ ಅದು ವಾರಗಟ್ಟಲೆ ನಡೆಯಿತು. ಹುಡುಗನ ಬತ್ತಳಿಕೆಯಲ್ಲಿದ್ದ ಬಾಣಗಳು ಎರಡೇ. ಒಂದು, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬೆಳಕಿನ ಪಾಠ ಮಾಡುವಾಗ ಹೇಳಿದ್ದ ಕನ್ನಡಿಯ ಕಥೆ. ಇನ್ನೊಂದು, ಹಾಲಿನ ಕಥೆ.

<b>ಎರಡು ಕನ್ನಡಿಗಳು</b>

ಮೇಷ್ಟ್ರು ಹೇಳಿದ ಕಥೆಯ ನಾಯಕ ವಿ.ಕೆ. ಮೂರ್ತಿ. ಹುಟ್ಟಿದ್ದು 1923ರ ನವೆಂಬರ್ 26ರಂದು, ಮೈಸೂರಿನಲ್ಲಿ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ 1946ರಲ್ಲಿ ಡಿಪ್ಲೊಮಾ ಪಡೆದರು. ಸ್ವಾತಂತ್ರ್ಯಕ್ಕೂ ಮುಂಚೆಯೇ ಮೈಸೂರು ಸಂಸ್ಥಾನದಲ್ಲಿ ಸಿನಿಮಾ ಕ್ಯಾಮೆರಾ ಕಲಿಸುವ ಪಾಠ ನಡೆಯುತ್ತಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು. ಎಂಜಿನಿಯರಿಂಗ್ ವಿಷಯಗಳ ಪಕ್ಕದಲ್ಲೇ ಇದೂ ಒಂದು ವಿಷಯ.

ಮುಂಬೈಗೆ ಹೋದ ಮೂರ್ತಿ ಹಲವು ವರ್ಷ ಸಹಾಯಕರಾಗಿಯೇ ದುಡಿದರು. 1951ರಲ್ಲಿ ‘ಬಾಜಿ’ ಚಿತ್ರ. ದೇವಾನಂದ್ ನಾಯಕ. ನಿರ್ದೇಶಕನಿಗೆ ಅದು ಮೊದಲ ಚಿತ್ರ. ಆತ ಬೆಂಗಳೂರಿನಲ್ಲಿ ಹುಟ್ಟಿದ ಗುರುದತ್. ಚಿತ್ರೀಕರಣದ ವೇಳೆ ಕಷ್ಟದ ದೃಶ್ಯವೊಂದನ್ನು ಸಹಾಯಕ ಮೂರ್ತಿ ತೆಗೆದು ತೋರಿಸಿದರು. ಗುರುದತ್ ಮೆಚ್ಚಿ, ಮುಂದಿನ ಚಿತ್ರಕ್ಕೆ ನೀನೇ ಛಾಯಾಗ್ರಾಹಕ ಎಂದರು. ಮಾತು ಉಳಿಸಿಕೊಂಡರು. ‘ಜಾಲ್’ನಿಂದ ಹಿಡಿದು ‘ಆರ್ ಪಾರ್’, ‘ಮಿಸ್ಟರ್ ಅಂಡ್ ಮಿಸೆಸ್ 55’, ‘ಪ್ಯಾಸಾ’, ‘ಕಾಗಜ್ ಕೆ ಫೂಲ್’, ‘ಸಾಹಿಬ್ ಬೀಬಿ ಔರ್ ಗುಲಾಮ್’ವರೆಗೆ ಇಬ್ಬರ ಜೋಡಿ ನಡೆಯಿತು. ‘ಪ್ಯಾಸಾ’ದಲ್ಲಿ ಸತ್ತನೆಂದು ಲೋಕ ನಂಬಿದ ಕವಿ ಸಭಾಂಗಣದ ಬಾಗಿಲಲ್ಲಿ ಕೈಚಾಚಿ ನಿಲ್ಲುತ್ತಾನೆ. ಹಿಂದಿನಿಂದ ಬರುವ ಬೆಳಕಿನಲ್ಲಿ ಅವನ ಮುಖವೇ ಕಾಣದು. ನಾಯಕನ ಮುಖ ತೋರಿಸದೆಯೂ ನಾಯಕನ ನೋವು ತೋರಿಸಬಹುದೆಂದು ಅರಿತವರು ಮೂರ್ತಿ.

1959ರ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲೊಂದು ಹಾಡು. ಖಾಲಿ ಸ್ಟುಡಿಯೋದಲ್ಲಿ ಗುರುದತ್ ಮತ್ತು ವಹೀದಾ ರೆಹಮಾನ್ ದೂರದೂರ ನಿಂತಿದ್ದಾರೆ. ಗೀತಾ ದತ್ ಅವರ ಕಂಠ, ಎಸ್.ಡಿ. ಬರ್ಮನ್ ಸಂಗೀತ, ಕೈಫಿ ಅಜ್ಮಿ ಸಾಹಿತ್ಯ. ಮೇಲಿನಿಂದ ಒಂದು ದಪ್ಪ ಬೆಳಕಿನ ಕಂಬ ಓರೆಯಾಗಿ ನೆಲಕ್ಕಿಳಿದಿದೆ. ಆ ಬೆಳಕು ಅಷ್ಟು ನೇರವಾಗಿ, ಅಂಚು ಕದಡದೆ ಬರುವುದು ಹೇಗೆ?

ಸ್ಟುಡಿಯೋ ದೀಪಗಳಿಂದ ಅದು ಆಗದು. ದೀಪದ ಕಿರಣಗಳು ದೂರ ಹೋದಂತೆ ಹರಡಿಕೊಳ್ಳುತ್ತವೆ. ಸೂರ್ಯ ಬಹಳ ದೂರದಲ್ಲಿರುವುದರಿಂದ ಅವನ ಕಿರಣಗಳು ನಮ್ಮನ್ನು ತಲುಪುವಾಗ ಹೆಚ್ಚುಕಡಿಮೆ ಸಮಾಂತರವಾಗಿರುತ್ತವೆ. ಮೂರ್ತಿ ಸ್ಟುಡಿಯೋದ ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ ಇಡಿಸಿದರು. ಅದರಿಂದ ಪುಟಿದ ಬಿಸಿಲು ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿಗೆ ಬಿತ್ತು. ಅಲ್ಲಿಂದ ನೆಲಕ್ಕೆ. ಕಿರಣ ಬಿದ್ದ ಕೋನ, ಪ್ರತಿಫಲಿಸಿದ ಕೋನ ಎರಡೂ ಸಮ ಎಂದು ಹತ್ತನೇ ತರಗತಿಯ ಪುಸ್ತಕದಲ್ಲಿದೆಯಲ್ಲ, ಅದೇ ನಿಯಮ. ಗಾಳಿಯಲ್ಲಿ ದೂಳು, ಹೊಗೆಯ ಕಣಗಳಿದ್ದರೆ ಬೆಳಕು ಅವುಗಳಿಂದ ಚದುರಿ ಕಿರಣದ ದಾರಿ ಕಣ್ಣಿಗೆ ಕಾಣುತ್ತದೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಬೆಳಿಗ್ಗೆ ಅಡಿಗೆಮನೆಯ ಹೊಗೆಯೊಳಗೆ ಇಳಿಯುವ ಬಿಸಿಲುಕೋಲನ್ನು ನೋಡಿ ಬೆಳೆದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಉಮಾ ರಾವ್ ಅವರು ಮೂರ್ತಿಯವರ ಬಗ್ಗೆ ಬರೆದ ಕನ್ನಡ ಪುಸ್ತಕದ ಹೆಸರೂ ‘ಬಿಸಿಲು ಕೋಲು’ ಎಂದೇ.

ಆ ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಗುರುದತ್ ಅದರ ನಂತರ ನಿರ್ದೇಶಕನಾಗಿ ತಮ್ಮ ಹೆಸರು ಹಾಕಿಕೊಳ್ಳಲೇ ಇಲ್ಲ; 1964ರಲ್ಲಿ ತೀರಿಕೊಂಡರು. ಆದರೆ ಛಾಯಾಗ್ರಹಣಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. ಇಂದು ದೇಶದ ಶ್ರೇಷ್ಠ ಚಿತ್ರಗಳ ಮಾತು ಬಂದಾಗ ಆ ಸೋತ ಚಿತ್ರದ ಹೆಸರು ಬಂದೇ ಬರುತ್ತದೆ, ಆ ಬೆಳಕಿನ ಕಂಬದ ಚಿತ್ರವೂ ಜೊತೆಗೆ ಬರುತ್ತದೆ.

<b>ಎರಡು ರೂಪಾಯಿಯ ಸಿನಿಮಾ</b>

ಕನ್ನಡಿಯ ಕಥೆ ಅಪ್ಪನಿಗೆ ಹಿಡಿಸಿತು. ಆದರೂ, “ಅದೆಲ್ಲ ಬುದ್ಧಿವಂತರ ಕಾಲ ಕಣ್ಲಾ” ಎಂದು ತಳ್ಳಿಹಾಕಿದ. ಆಗ ಹುಡುಗ ಎರಡನೇ ಬಾಣ ಹೂಡಿದ. ಮೊಬೈಲಿನಲ್ಲಿ ‘ಮಂಥನ್’ ಹಾಕಿ ಅಪ್ಪನ ಮುಂದಿಟ್ಟ.

1976ರ ಈ ಚಿತ್ರದ ನಿರ್ದೇಶಕ ಶ್ಯಾಮ್ ಬೆನಗಲ್. ಕಥೆಯಲ್ಲಿ ಅವರ ಜೊತೆ ಕೈಜೋಡಿಸಿದವರು ಹಾಲಿನ ಕ್ರಾಂತಿಯ ವರ್ಗೀಸ್ ಕುರಿಯನ್. ಹಣ ಹಾಕಿದವರು ಯಾವ ಸೇಟುಗಳೂ ಅಲ್ಲ. ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. ಒಟ್ಟು 10 ಲಕ್ಷ ರೂಪಾಯಿ. ತೆರೆಕಂಡಾಗ ತಮ್ಮ ಸಿನಿಮಾ ನೋಡಲು ಆ ರೈತರು ಲಾರಿಗಳಲ್ಲಿ ಬಂದರು. ಊರಿಗೆ ಹಾಲಿನ ಸಹಕಾರ ಸಂಘ ಕಟ್ಟಲು ಬರುವ ಪಶುವೈದ್ಯ ಡಾ. ರಾವ್ ಆಗಿ ನಮ್ಮ ಗಿರೀಶ್ ಕಾರ್ನಾಡ್, ಹಳ್ಳಿಯ ಹೆಣ್ಣಾಗಿ ಸ್ಮಿತಾ ಪಾಟೀಲ್, ಸಿಟ್ಟಿನ ಯುವಕನಾಗಿ ನಾಸಿರುದ್ದೀನ್ ಶಾ, ಹಾಲಿನ ವ್ಯಾಪಾರಿಯಾಗಿ ಅಮರೀಶ್ ಪುರಿ.

ಕೊಬ್ಬಿನ ಅಂಶ ಅಳೆಯುವುದು, ಹಾಲಿಗೆ ಸರಿಯಾದ ಬೆಲೆ ಸಿಗದೇ ಇರುವುದು, ಸಂಘದ ಚುನಾವಣೆಯಲ್ಲಿ ಊರಿನ ದೊಡ್ಡವರೂ ಕೆಳಗಿನ ಕೇರಿಯವರೂ ಎದುರುಬದುರಾಗುವುದು, ಇವನ್ನೆಲ್ಲ ಅಪ್ಪನಿಗೆ ಯಾರೂ ತರ್ಜುಮೆ ಮಾಡಿ ಹೇಳಬೇಕಾಗಲಿಲ್ಲ. ದಿನಾ ಎರಡು ಹೊತ್ತು ಡೈರಿಯ ಸಾಲಿನಲ್ಲಿ ಕ್ಯಾನು ಹಿಡಿದು ನಿಲ್ಲುವವನು ಆತ. ಹೀರೋ ಹೊಡೆದಾಟವಿಲ್ಲದ, ನಮ್ಮಂಥವರ ಬದುಕನ್ನು ಇದ್ದ ಹಾಗೆ ತೋರಿಸುವ ಸಿನಿಮಾವೂ ಹಿಂದಿಯಲ್ಲಿ ಉಂಟೆಂದು ಆತನಿಗೆ ಗೊತ್ತಿರಲಿಲ್ಲ. 2024ರಲ್ಲಿ ಇದೇ ಚಿತ್ರದ ಹಳೆಯ ರೀಲುಗಳನ್ನು ಶುದ್ಧಗೊಳಿಸಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು ಎಂದು ಮಗ ಹೇಳಿದಾಗ, “ಎರಡು ರೂಪಾಯಿಗೆ ಅಷ್ಟು ದೂರ ಹೋಯ್ತಾ?” ಎಂದ.

ಕೊನೆಗೆ ಹುಡುಗ ಛಾಯಾಗ್ರಾಹಕನ ಹೆಸರು ತೋರಿಸಿದ: ಗೋವಿಂದ ನಿಹಲಾನಿ. ಈತ ಓದಿದ್ದೂ ಅದೇ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, 1962ರಲ್ಲಿ ಮುಗಿಸಿದ್ದು. ಆಮೇಲೆ ವಿ.ಕೆ. ಮೂರ್ತಿಯವರ ಬಳಿ ಸಹಾಯಕನಾಗಿ ಕೆಲಸ ಕಲಿತು, ‘ಅಂಕುರ್’, ‘ಮಂಥನ್’, ‘ಭೂಮಿಕಾ’ ಚಿತ್ರಗಳಿಗೆ ಕ್ಯಾಮೆರಾ ಹಿಡಿದು, ಮುಂದೆ ‘ಆಕ್ರೋಶ್’, ‘ಅರ್ಧ ಸತ್ಯ’ಗಳ ನಿರ್ದೇಶಕನಾದರು. ದೇಶ ವಿಭಜನೆಯ ಕಥೆಯಾದ ‘ತಮಸ್’ ಅನ್ನು 1988ರಲ್ಲಿ ದೂರದರ್ಶನಕ್ಕೆ ಮಾಡಿದಾಗ ಶಿಷ್ಯನ ಜೊತೆ ಕ್ಯಾಮೆರಾ ಹಿಂದೆ ನಿಂತವರು ಗುರು ಮೂರ್ತಿ. ಗುರುವಿನಿಂದ ಶಿಷ್ಯನಿಗೆ ವಿದ್ಯೆ ದಾಟುವ ಪರಂಪರೆ ನಮ್ಮ ಸಂಗೀತಗಾರರಲ್ಲಿ ಮಾತ್ರ ಇದೆಯೆಂದು ತಿಳಿದವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿಭಜನೆಯ ಮಾತು ಬಂದದ್ದರಿಂದ ಇನ್ನೊಬ್ಬ ಮೈಸೂರಿನವರನ್ನು ನೆನೆಯಲೇಬೇಕು. 1930ರಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಕಾಲೇಜು ಬಿಟ್ಟು ಮುಂಬೈಗೆ ಹೋದವರು. ‘ಹಕೀಕತ್’ ಚಿತ್ರದ ಕಲಾ ನಿರ್ದೇಶನಕ್ಕೆ ಪ್ರಶಸ್ತಿ ಪಡೆದ ಮೇಲೆ ಅವರು ನಿರ್ದೇಶಿಸಿದ ‘ಗರ್ಮ್ ಹವಾ’ ತಿಂಗಳುಗಟ್ಟಲೆ ಸೆನ್ಸಾರ್ ತಡೆ ದಾಟಿ 1974ರಲ್ಲಿ ಬಿಡುಗಡೆಯಾಯಿತು. ಆಗ್ರಾದ ಚಪ್ಪಲಿ ವ್ಯಾಪಾರಿ ಸಲೀಂ ಮಿರ್ಜಾ ಆಗಿ ಬಲರಾಜ್ ಸಾಹ್ನಿ. ಊರು ಬಿಟ್ಟುಹೋಗಲಾರದ ಅಪ್ಪ, ಓದಿಯೂ ಕೆಲಸ ಸಿಗದ ಮಗ. ಚಿತ್ರ ತೆರೆಕಾಣುವ ಮೊದಲೇ, 1973ರ ಏಪ್ರಿಲ್‌ನಲ್ಲಿ, ಡಬ್ಬಿಂಗ್ ಮುಗಿಸಿದ ಮರುದಿನ ಸಾಹ್ನಿ ತೀರಿಕೊಂಡರು. ಅವರ ಆ ಮುಖವನ್ನು ತಂದೆ ಮಕ್ಕಳು ಒಟ್ಟಿಗೆ ಕೂತು ಒಮ್ಮೆ ನೋಡಬೇಕು.

<b>ದಾರಿ ಇದೆ, ಹೊಂಡಗಳೂ ಇವೆ</b>

ಹೊಣಕೆರೆ ಸೀಮೆಯ ಆ ಮನೆಯ ಜಗಳಕ್ಕೆ ಸದ್ಯಕ್ಕೊಂದು ಒಪ್ಪಂದವಾಗಿದೆ. ತಾತ, “ಬುಡ್ಲಾ, ಐಕ್ಳಿಗೆ ಆಸೆ ಇರ್ತದೆ” ಎಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಮೊದ್ಲು ಪಿಯುಸಿ ಮುಗುಸು. ಆ ಬೆಳಕಿನ ಪಾಠ ಐತಲ್ಲ, ಅದ್ರಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡು ಬಾ. ಆಮ್ಯಾಲೆ ನಾನೇ ಬತ್ತೀನಿ, ಆ ಕಾಲೇಜು ಎಲ್ಲೈತೋ ನೋಡಾನ.” ಹುಡುಗನಿಗೆ ಇದು ಪೂರ್ತಿ ಗೆಲುವಲ್ಲ. ಅಪ್ಪನಿಗೆ ಪೂರ್ತಿ ಸಮಾಧಾನವೂ ಅಲ್ಲ. ಆದರೆ ಮಾತು ಮುರಿದುಬಿದ್ದಿಲ್ಲ. ಅದೇ ದೊಡ್ಡದು.

ಕಾಲೇಜು ಎಲ್ಲಿದೆ ಎಂಬ ಅಪ್ಪನ ಪ್ರಶ್ನೆ ಬಹಳ ಪೋಷಕರ ಪ್ರಶ್ನೆ. ಬೆಂಗಳೂರಿನ ಹೊರವಲಯದ ಹೆಸರಘಟ್ಟದಲ್ಲಿ ರಾಜ್ಯ ಸರ್ಕಾರದ್ದೇ ಆದ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ ಇದೆ. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನ ಛಾಯಾಗ್ರಹಣ, ಶಬ್ದಗ್ರಹಣದ ಪಾಠಗಳು ಮುಂದುವರಿದದ್ದು ಅಲ್ಲಿ. ಪುಣೆಯಲ್ಲಿ 1960ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಚಲನಚಿತ್ರ ಸಂಸ್ಥೆ ಇದೆ. ಪ್ರವೇಶದ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಅವರಿವರ ಮಾತು ನಂಬದೆ ನೇರವಾಗಿ ಸಂಸ್ಥೆಯ ಕಚೇರಿಯಲ್ಲೇ ವಿಚಾರಿಸುವುದು ಮೇಲು. “ನಿಮ್ಮ ಮಗನನ್ನು ಹೀರೋ ಮಾಡುತ್ತೇವೆ, ಇಷ್ಟು ಲಕ್ಷ ತನ್ನಿ” ಎಂದು ಬರುವವರಿಗೆ ಮಾತ್ರ ಪಡಸಾಲೆಯಲ್ಲಿ ನೀರು ಕೊಟ್ಟು ಕಳಿಸಿಬಿಡಬೇಕು. ಹೊಲ ಮಾರಿ ಯಾರೂ ನಟರಾಗಬೇಕಾಗಿಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಸಿನಿಮಾ ಎಂಬ ಆಸೆ ನಿಜವೋ ಬರೀ ಹುಚ್ಚೋ ಎಂದು ತಿಳಿಯಲು ದುಡ್ಡು ಬೇಕಾಗಿಲ್ಲ. ಮೆಚ್ಚಿನ ಚಿತ್ರವೊಂದರ ಹತ್ತು ನಿಮಿಷವನ್ನು ಸದ್ದು ಅಡಗಿಸಿ ನೋಡಿ. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೆರಳು ಎಲ್ಲಿ ಬಿದ್ದಿದೆ, ಕ್ಯಾಮೆರಾ ಎಲ್ಲಿ ನಿಂತಿರಬಹುದು ಎಂದು ಬರೆದುಕೊಳ್ಳಿ. ನಿಮ್ಮ ಮನೆಯ ಒಂದೇ ಕಂಬವನ್ನು ಬೆಳಿಗ್ಗೆ, ನಡುಮಧ್ಯಾಹ್ನ, ದೀಪ ಹಚ್ಚುವ ಹೊತ್ತು ಮೂರು ಸಲ ಫೋನಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಇಪ್ಪತ್ತು ದಿನ ಹೀಗೆ ಮಾಡಿಯೂ ಬೇಸರ ಬಾರದಿದ್ದರೆ ಆಸೆಯಲ್ಲಿ ಸತ್ವವಿದೆ. ಮೂರನೇ ದಿನಕ್ಕೇ ಆಕಳಿಕೆ ಬಂದರೆ ಅದೂ ಒಳ್ಳೆಯ ಸುದ್ದಿಯೇ. ಮನೆಯ ದುಡ್ಡು ಉಳಿಯಿತು!

ಅಪ್ಪಂದಿರ ಭಯವನ್ನೂ ಮಕ್ಕಳು ಗೌರವಿಸಬೇಕು. ಮೈಸೂರಿನ ಆ ಬೆಂಕಿ ಕಲಿಸುವುದು ಕಸುಬಿನ ಮೊದಲ ಪಾಠ. ತಂತಿ ಬಿಗಿಯಾಗಿದೆಯೇ, ಹೊರಹೋಗುವ ಬಾಗಿಲು ತೆರೆದಿದೆಯೇ, ದೀಪದ ಪಕ್ಕದಲ್ಲಿ ಹತ್ತಿಕೊಳ್ಳುವಂಥದ್ದು ಏನಾದರೂ ಇದೆಯೇ ಎಂದು ನೋಡುವ ಕಣ್ಣು ಮೊದಲು ಬರಬೇಕು. ನಾಯಕಿಯ ಮುಖದ ಮೇಲೆ ಬೆಳಕು ಸರಿಯಾಗಿ ಬಿದ್ದಿದೆಯೇ ಎಂದು ನೋಡುವ ಕಣ್ಣು ಆಮೇಲೆ. ಚೆನ್ನಾಗಿ ಕಲಿತವರು ಬೇಕೆನ್ನುವುದು ಇದಕ್ಕೂ ಹೌದು.

ಈ ಕಸುಬಿನಲ್ಲಿ ಹೆಸರು ತಡವಾಗಿ ಬರುತ್ತದೆ ಎಂಬುದನ್ನು ಮಾತ್ರ ಮುಚ್ಚಿಡಬಾರದು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಶುರುವಾದದ್ದು 1969ರಲ್ಲಿ. ನಟರಿಗೆ, ನಿರ್ದೇಶಕರಿಗೆ, ಗಾಯಕರಿಗೆ ಅದು ಬಂತು. ಡಾ. ರಾಜ್‌ಕುಮಾರ್ ಅವರಿಗೆ 1995ನೇ ಸಾಲಿನದು ಬಂದಾಗ ಕರ್ನಾಟಕವೆಲ್ಲ ಹಬ್ಬ ಮಾಡಿತು. ಆದರೆ ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ಸಲ್ಲಲು ನಾಲ್ಕು ದಶಕ ಹಿಡಿಯಿತು. 2008ನೇ ಸಾಲಿನ ಪ್ರಶಸ್ತಿಯನ್ನು 2010ರಲ್ಲಿ ವಿ.ಕೆ. ಮೂರ್ತಿಯವರಿಗೆ ನೀಡಿದಾಗ ಅವರಿಗೆ 86 ವರ್ಷ. ಆ ಕನ್ನಡಿಗಳನ್ನು ಇಡಿಸಿ ಅರ್ಧ ಶತಮಾನವೇ ಕಳೆದಿತ್ತು. 2014ರ ಏಪ್ರಿಲ್ 7ರಂದು ಅವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ಅಷ್ಟು ವರ್ಷ ಅವರು ಪ್ರಶಸ್ತಿಗಾಗಿ ಕಾದು ಕೂತಿರಲಿಲ್ಲ. ಕೆಲಸ ಮಾಡುತ್ತಿದ್ದರು. ಮಗನೋ ಮಗಳೋ ಸಿನಿಮಾದ ಮಾತೆತ್ತಿದಾಗ ಪೋಷಕರು ಕೇಳಬೇಕಾದ ಪ್ರಶ್ನೆಯೂ ಇದೇ ಇರಬಹುದು: “ಹೆಸರು ಬಾರದಿದ್ದರೂ ಈ ಕೆಲಸ ಮಾಡುತ್ತೀಯಾ?” ಹೌದೆಂದು ಉತ್ತರ ಬಂದರೆ ಹೆಸರಘಟ್ಟದ ಬಸ್ಸು ಹತ್ತಲು ಅಡ್ಡಿಯಿಲ್ಲ.